ಚಿಕ್ಕಮ್ಮ ಹೊಸಿಲು ದಾಟಿದ್ದು

ಲಾಟರಿ ಟಿಕೆಟ್ ಮಾರುವವರು ಬಾಣಂತಿ ಮಲಗಿರುವ ಕೋಣೆಗೆ ಕಾಲಿಡುವುದಿಲ್ಲ. ಮೀನು ಹಿಡಿಯುವವರೂ ಇಡುವುದಿಲ್ಲ, ಹುಂಜದ ಜೂಜಿಗೆ ಹೋಗುವವರೂ ಇಡುವುದಿಲ್ಲ. ಆದರೆ ಮೀನುಗಾರನ ಬಲೆ ಇವತ್ತು ಖಾಲಿ ಬಂದರೆ ನಾಳೆ ತುಂಬೀತು. ಟಿಕೆಟ್ ಮಾರುವವಳ ಕೈಯಲ್ಲಿ ಇರುವುದು ಅದೃಷ್ಟವೊಂದೇ. ಅವಳಿಗೆ ಪುರುಡು ತಗುಲಿದೆ ಎಂದು ಒಮ್ಮೆ ಊರಿಗೆ ಗೊತ್ತಾದರೆ ಆ ಕೈಯಿಂದ ಟಿಕೆಟ್ ಎಳೆಯಲು ಯಾರೂ ಬೆರಳು ಚಾಚುವುದಿಲ್ಲ.

ನನ್ನ ಚಿಕ್ಕಮ್ಮ ಇಪ್ಪತ್ತೆರಡು ವರ್ಷದಿಂದ ನಮ್ಮ ಕಾಲುವೆಯ ಎರಡೂ ದಂಡೆಗಳಲ್ಲಿ ಟಿಕೆಟ್ ಮಾರುತ್ತಿದ್ದಳು. ನಮ್ಮಲ್ಲಿ ಮನೆಮಕ್ಕಳನ್ನು ಹುಟ್ಟಿದ ಸಾಲಿನ ಅಂಕಿಯಿಂದ ಕರೆಯುತ್ತಾರೆ. ಅವಳದು ಒಂಬತ್ತು, ನಮ್ಮ ಮಾತಿನಲ್ಲಿ ಚಿನ್, ಆದ್ದರಿಂದ ಊರಿಗೆಲ್ಲ ಅವಳು ಚಿನ್ ಅಕ್ಕ. ಬೆಳಗ್ಗೆ ಐದಕ್ಕೆ ಗರಿ ಟೋಪಿ ಕಟ್ಟಿಕೊಂಡು ಹೊರಟರೆ ಸಂಜೆ ನಾಲ್ಕಕ್ಕೆ ನಂಬರು ಎತ್ತುವ ಹೊತ್ತಿಗೆ ಕೈ ಖಾಲಿಯಾಗಿರುತ್ತಿತ್ತು. ಮಾತು ಅವಳ ಬಂಡವಾಳ. ಯಾರ ಎಮ್ಮೆ ಈಯಿತು, ಯಾರ ಮಗಳು ಯಾರ ಜೊತೆ ಮೋಟರ್ ಸೈಕಲ್ಲಿನಲ್ಲಿ ಹೋದಳು, ಎಲ್ಲವೂ ಗೊತ್ತು.

ನನಗೆ ಒಂಬತ್ತು ವರ್ಷವಾಗಿದ್ದಾಗ ಅಮ್ಮ ತೀರಿಕೊಂಡಳು. ಚಿಕ್ಕಮ್ಮನೇ ಸಾಕಿದಳು. ಆರನೆಯ ತರಗತಿಗೆ ಶಾಲೆ ಬಿಟ್ಟಾಗ, ತನ್ನ ಜೊತೆ ಟಿಕೆಟ್ ಮಾರಲಿ ಎಂದು ಸಂತೆಕಟ್ಟೆಯ ನಾಮ್ ಮಾವನ ಕಾಫಿ ಅಂಗಡಿಗೆ ಕರೆದುಕೊಂಡು ಹೋದಳು. ಕೈಗೆ ಐದು ಟಿಕೆಟ್ ಕೊಟ್ಟು, "ಹೋಗು, ಆ ಬನಿಯನ್ ಹಾಕ್ಕೊಂಡೋರ ಮುಂದೆ ಹಿಡಿ" ಎಂದಳು. ನಾನು ಕಂಬದ ಹಿಂದೆ ನಿಂತೆ. ಬನಿಯನ್ ಹಾಕಿಕೊಂಡವನೇ ಎದ್ದುಬಂದು, "ಏನದು ಕೈಯಲ್ಲಿ, ಮಗಾ?" ಎಂದು ಕೇಳಿದ. ಟಿಕೆಟ್ಟುಗಳನ್ನು ಬೆನ್ನ ಹಿಂದೆ ಅಡಗಿಸಿಕೊಂಡೆ. ಮನೆ ತಲುಪುವವರೆಗೂ ಚಿಕ್ಕಮ್ಮ ನಗುತ್ತಲೇ ಇದ್ದಳು. "ಮಾರು ಅಂದ್ರೆ ಕಾವಲು ಕಾಯ್ತೀಯಲ್ಲೇ. ಬ್ಯಾಂಕಿನೋರು ಕೆಲಸಕ್ಕೆ ಇಟ್ಕೋತಾರೆ ನಿನ್ನ."

ಆಮೇಲೆ ನನ್ನನ್ನು ಚಾಪೆ ಹೆಣೆಯಲು ಕೂರಿಸಿದಳು. ಕಾಲುವೆಯ ಅಂತರಗಂಗೆಯ ದಂಟನ್ನು ಒಣಗಿಸಿ ಹೆಣೆಯುವ ಕೆಲಸ. ಅದಕ್ಕೆ ಮಾತು ಬೇಡ. ಬಾಗಿಲಲ್ಲಿ ಕೂತು ಹೆಣೆಯುತ್ತಾ ಬಂದುಹೋಗುವವರನ್ನು ನೋಡುತ್ತಿದ್ದೆ. ಸಂತೆಗೆ ಚಾಪೆ ಒಯ್ದಾಗಲೆಲ್ಲ ಕಾಫಿ ಅಂಗಡಿಯ ಅದೇ ಕಂಬದ ಹಿಂದೆ ನಿಂತು ಚಿಕ್ಕಮ್ಮ ಟಿಕೆಟ್ ಮಾರುವುದನ್ನು ನೋಡುತ್ತಿದ್ದೆ.

ಇಪ್ಪತ್ತಕ್ಕೆ ಮದುವೆಯಾಯಿತು. ಗಂಡ ಖಾಂಗ್ ಮರಳು ಸಾಗಿಸುವ ದೋಣಿಯಲ್ಲಿ ಕೆಲಸಕ್ಕಿದ್ದ. ಹೋದರೆ ಎರಡು ಎರಡು ತಿಂಗಳು ಬರುತ್ತಿರಲಿಲ್ಲ. ಬಸಿರಾದಾಗ ಎಲ್ಲರಂತೆ ನಾನೂ ಮೊದಲ ಹೆರಿಗೆಗೆ ತವರಿಗೆ ಹೋಗುತ್ತೇನೆ ಎಂದುಕೊಂಡಿದ್ದೆ. ತವರೆಂದರೆ ಚಿಕ್ಕಮ್ಮನ ಮನೆ.

"ಬೇಡ ಕಣೇ ಥಾಮ್," ಎಂದಳು ಚಿಕ್ಕಮ್ಮ. "ನಮ್ಮನೇಲಿ ಇರೋದೇ ಒಂದು ಕೋಣೆ. ನೀನು ಒಳಗೆ ಬಾಣಂತನಕ್ಕೆ ಮಲಗಿದ್ರೆ ನಾನೆಲ್ಲಿ ಮಲಗ್ಲಿ? ನೀರಿನ ಹರವಿ ಒಳಗಾ?"

ನಾನು ಹೆಣೆಯುತ್ತಿದ್ದ ಚಾಪೆಯ ದಂಟನ್ನು ಎಳೆದು ಬಿಗಿದೆ.

"ಒಂದು ತಿಂಗಳು ನಿನ್ನ ಜೊತೆ ಮಲಗಿ ಎದ್ದು ಹೋದ್ರೆ ನನ್ನ ಟಿಕೆಟ್ ಯಾರು ಮುಟ್ತಾರೆ? ನಾನು ಹೊಟ್ಟೆಗೆ ಏನು ತಿನ್ಲಿ, ನಿನ್ನ ಚಾಪೇನಾ? ನಿಮ್ಮತ್ತೆ ಒಳ್ಳೇವ್ಳು. ಅಲ್ಲೇ ಇರು. ನಾನು ದಿನಾ ಬರ್ತೀನಿ, ಅಂಗಳದಲ್ಲಿ ನಿಂತ್ಕೋತೀನಿ. ಹೊಸಿಲು ಮಾತ್ರ ದಾಟಲ್ಲ. ಬೇಜಾರು ಮಾಡ್ಕೋಬೇಡ."

ಅವಳು ಹೇಳಿದ್ದರಲ್ಲಿ ತಪ್ಪಿರಲಿಲ್ಲ. ಆದರೂ ಬೇಜಾರಾಯಿತು. ತಾಯಿ ಇದ್ದಿದ್ದರೆ ಎಂದು ಎರಡು ದಿನ ಒಳಗೇ ಅತ್ತುಕೊಂಡೆ.

ಮಗು ತಾಲ್ಲೂಕಿನ ಆಸ್ಪತ್ರೆಯಲ್ಲಿ ಹುಟ್ಟಿತು. ಹೆಣ್ಣು. ಮೂರನೆಯ ದಿನ ಮನೆಗೆ ಬಂದಾಗ ಅತ್ತೆ ಕೋಣೆ ಸಿದ್ಧಮಾಡಿಟ್ಟಿದ್ದರು. ಬಿದಿರಿನ ಮಂಚ, ದಪ್ಪ ಸೊಳ್ಳೆಪರದೆ, ದಿಂಬಿನ ಕೆಳಗೆ ಸಣ್ಣ ಚಾಕು, ಮಂಚದ ಕೆಳಗೆ ತೆಂಗಿನ ಚಿಪ್ಪಿನ ಇದ್ದಲು ತುಂಬಿದ ಅಗ್ಗಿಷ್ಟಿಕೆ. ಕೋಣೆಯೊಳಗೆ ಕೆಂಡ ಇಡಬೇಡಿ ಎಂದು ಆಸ್ಪತ್ರೆಯ ನರ್ಸ್ ಎರಡು ಸಲ ಹೇಳಿ ಕಳಿಸಿದ್ದಳು.

"ಆ ಹುಡ್ಗಿ ಇನ್ನೂ ಹೆತ್ತಿಲ್ಲ," ಎಂದರು ಅತ್ತೆ. "ನಾನು ಹೆತ್ತಿದ್ದೀನಿ."

ಅತ್ತೆಯ ಕಥೆ ನನಗೆ ಗೊತ್ತಿತ್ತು. ಖಾಂಗ್ ಹುಟ್ಟಿದ ಹತ್ತನೆಯ ದಿನಕ್ಕೇ ಅವರು ಸೊಂಟದವರೆಗೆ ನೀರಿಗಿಳಿದು ಭತ್ತದ ನಾಟಿ ಮಾಡಿದ್ದರು. ಮಾಡದೆ ವಿಧಿಯಿರಲಿಲ್ಲ. ಅವತ್ತು ಮೂಳೆಗೆ ಹೊಕ್ಕ ಶೀತ ಇನ್ನೂ ಹೋಗಿಲ್ಲ ಎನ್ನುತ್ತಿದ್ದರು. ಗಾಳಿ ತಿರುಗಿದಾಗಲೆಲ್ಲ ಅವರ ಮೊಣಕಾಲು ಊದಿಕೊಳ್ಳುತ್ತಿತ್ತು, ತಲೆಗೆ ಟವೆಲ್ ಬಿಗಿದುಕೊಂಡು ಗೋಡೆಗೆ ಒರಗುತ್ತಿದ್ದರು. ಹಾಗಾಗಿ ನನ್ನ ಮೈಗೆ ಒಂದು ಎಳೆ ಗಾಳಿಯೂ ತಾಗಬಾರದು ಎಂದು ಅವರ ಹಟ. ಕಿವಿಗೆ ಹತ್ತಿ, ತಲೆಗೆ ಬಟ್ಟೆ, ಕಾಲಿಗೆ ಚೀಲ. ಸ್ನಾನವಿಲ್ಲ, ತಲೆ ಬಾಚುವಂತಿಲ್ಲ, ತಣ್ಣೀರು ಮುಟ್ಟುವಂತಿಲ್ಲ. ಬೆಳಗ್ಗೆ ಎದ್ದು ಚಕ್ಕೋತದ ಎಲೆ, ಮಜ್ಜಿಗೆಹುಲ್ಲು ಕುದಿಸಿ ಹಬೆ ಕೊಡುತ್ತಿದ್ದರು. ಶುಂಠಿ ಅರಿಶಿನ ನೆನೆಸಿದ ಸಾರಾಯಿಯಿಂದ ಕೈಕಾಲು ಉಜ್ಜುತ್ತಿದ್ದರು. ಊಟಕ್ಕೆ ಕರಿಮೆಣಸು ಹಾಕಿ ಉಪ್ಪುಪ್ಪಾಗಿ ಬತ್ತಿಸಿದ ಹಂದಿಮಾಂಸ. ಅದರ ಕೊನೆಯ ತುಂಡನ್ನೂ ನನ್ನ ಬಟ್ಟಲಿಗೇ ಹಾಕಿ, ತಾವು ತಪ್ಪಲೆಯ ತಳಕ್ಕೆ ಅನ್ನ ಒರೆಸಿಕೊಂಡು ತಿನ್ನುತ್ತಿದ್ದರು. ಅದು ನನಗೆ ಕಾಣಲಿಲ್ಲವೆಂದು ಅವರು ತಿಳಿದಿದ್ದರು.

ಮಗುವಿಗೆ ಇಲಿಮರಿ ಎಂದು ಹೆಸರಿಟ್ಟರು. ಒಳ್ಳೆಯ ಹೆಸರು ಕಾಗದದಲ್ಲಿ ಇರಲಿ, ದೆವ್ವಗಳ ಕಿವಿಗೆ ಬೀಳುವುದು ಬೇಡ. ಅತ್ತೆ ದಿನವೂ ಎತ್ತಿಕೊಂಡು, "ಥೂ, ಎಂಥಾ ಕೊಳಕು ಮುಖ. ಯಾರಿಗೆ ಬೇಕು ಇದು?" ಎಂದು ಮುದ್ದಿಸುತ್ತಿದ್ದರು.

ಚಿಕ್ಕಮ್ಮ ಮಾತಿನಂತೆ ದಿನವೂ ಬರುತ್ತಿದ್ದಳು. ಟಿಕೆಟ್ಟೆಲ್ಲ ಮಾರಿ, ಸಂಜೆ, ಕಾಲುಸಂಕ ದಾಟಿ ಅಂಗಳದ ತುದಿಯ ನೀರಿನ ಹರವಿಯ ಹತ್ತಿರ ನಿಲ್ಲುತ್ತಿದ್ದಳು. ಅದರಿಂದ ಈಚೆಗೆ ಒಂದು ಹೆಜ್ಜೆ ಇಡುತ್ತಿರಲಿಲ್ಲ. ಹರವಿಯ ಮುಚ್ಚಳದ ಮೇಲೆ ಏನಾದರೂ ಇಟ್ಟುಹೋಗುತ್ತಿದ್ದಳು. ಹಳೆಯ ಮೆತ್ತನೆ ಅಂಗಿಗಳು ಹೆಚ್ಚು. ಹತ್ತು ಮಕ್ಕಳನ್ನು ಸುಖವಾಗಿ ಬೆಳೆಸಿದ ಮನೆಗಳನ್ನು ಹುಡುಕಿ ಬೇಡಿ ತಂದದ್ದು. ಅಂಥ ಮನೆಯ ಹಳೆ ಬಟ್ಟೆ ತೊಟ್ಟ ಮಗು ಸುಲಭವಾಗಿ ಬೆಳೆಯುತ್ತದೆ.

"ಬದುಕಿದ್ದೀಯೇನೇ?" ಎಂದು ಅಲ್ಲಿಂದಲೇ ಕೂಗುತ್ತಿದ್ದಳು.

ಕಿವಿಯಲ್ಲಿ ಹತ್ತಿ ಇದ್ದುದರಿಂದ ಮಾತು ಸ್ಪಷ್ಟವಾಗುತ್ತಿರಲಿಲ್ಲ, ಧ್ವನಿ ಮಾತ್ರ ಗೊತ್ತಾಗುತ್ತಿತ್ತು. ಬಾಣಂತಿ ಕಿರುಚಿ ಮಾತಾಡಬಾರದು. ಆದ್ದರಿಂದ ಅರ್ಧ ತೆರೆದ ಕಿಟಕಿಯಿಂದ ತಾಳೆಗರಿಯ ಬೀಸಣಿಗೆಯನ್ನು ಹೊರಗೆ ಚಾಚಿ ಎರಡು ಸಲ ಆಡಿಸುತ್ತಿದ್ದೆ. ಅಷ್ಟೇ ನಮ್ಮ ಭೇಟಿ. ಬೀಸಣಿಗೆ ಕಂಡರೆ ಅವಳು ಇನ್ನೊಂದು ಬೈಗುಳ ಬೈದು ಹೋಗುತ್ತಿದ್ದಳು.

ಹದಿನಾರನೆಯ ದಿನ ಗಾಳಿ ತಿರುಗಿತು. ಸಮುದ್ರದ ಕಡೆಯಿಂದ ಬೀಸುವ ಒಣಗಾಳಿ, ವರ್ಷಾಂತ್ಯಕ್ಕೆ ಬರುವುದು. ಬೆಳಗ್ಗೆಯೇ ಅತ್ತೆಯ ಮೊಣಕಾಲು ಊದಿತ್ತು. ಅವರು ಕುಂಟುತ್ತಾ ಬಂದು ಕಿಟಕಿಯನ್ನು ಪೂರ್ತಿ ಮುಚ್ಚಿದರು. ಹಲಗೆ ಗೋಡೆಯ ಸಂದುಗಳಿಗೆ ಹೊಂದುವಂಥದ್ದು ಏನೂ ಸಿಗದೆ, ನಾನೇ ಹೆಣೆದಿಟ್ಟಿದ್ದ ಚಾಪೆಗಳನ್ನು ತಂದು ಒಂದೊಂದಾಗಿ ಒತ್ತಿ ನಿಲ್ಲಿಸಿದರು. ನನ್ನ ಚಾಪೆಯಲ್ಲಿ ಸಂದು ಇರುವುದಿಲ್ಲ, ಕೊಳ್ಳುವವರು ಅದಕ್ಕೇ ಮೆಚ್ಚುತ್ತಿದ್ದರು. ಅಗ್ಗಿಷ್ಟಿಕೆಗೆ ಇನ್ನೆರಡು ಬೊಗಸೆ ಇದ್ದಲು ಹಾಕಿದರು. ಉಳಿದ ದಿನಗಳಲ್ಲಿ ಕೆಂಡವನ್ನು ಹೊರಗೇ ಪೂರ್ತಿ ಕಾಯಿಸಿ ತರುತ್ತಿದ್ದರು. ಅವತ್ತು ಅವಸರ.

"ಹಾಲು ಸಾಲ್ತಿಲ್ಲ ನಿನಗೆ. ಸಂತೆಗೆ ಹೋಗಿ ಹಂದಿಕಾಲು, ಪರಂಗಿಕಾಯಿ ತರ್ತೀನಿ. ಬೇಗ ಬರ್ತೀನಿ. ಏಳಬೇಡ," ಎಂದು ನನ್ನ ಕಿವಿಯ ಹತ್ತಿರ ಬಗ್ಗಿ ಹೇಳಿ, ಬಾಗಿಲು ಎಳೆದುಕೊಂಡು ಹೋದರು.

ಬೆಚ್ಚಗಿತ್ತು. ಸುಖವಾಗಿಯೇ ಇತ್ತು. ಸ್ವಲ್ಪ ಹೊತ್ತಿಗೆ ಹಣೆಯಲ್ಲಿ ನೋವು ಶುರುವಾಯಿತು. ತೊಲೆಯ ಮೇಲೆ ಒಂದು ಹಲ್ಲಿ ಇತ್ತು. ಅದನ್ನೇ ನೋಡುತ್ತಿದ್ದೆ. ಅದು ಒಂದಿದ್ದದ್ದು ಎರಡಾಯಿತು. ಮಗು ಹಾಲು ಕುಡಿಯುವ ಹೊತ್ತಾಗಿತ್ತು, ಅಂಗಿ ಒದ್ದೆಯಾಗಿತ್ತು, ಆದರೆ ಅದು ಅಳಲಿಲ್ಲ. ಇವತ್ತು ಎಷ್ಟು ಒಳ್ಳೆಯ ಮಗು ಎಂದುಕೊಂಡೆ. ಏಳಿಸಬೇಕು ಎಂದುಕೊಂಡೆ. ಕೈ ನನ್ನದಲ್ಲ ಎನ್ನುವಂತೆ ಪಕ್ಕದಲ್ಲಿ ಬಿದ್ದಿತ್ತು. ಏಳಬೇಡ ಎಂದು ಅತ್ತೆ ಹೇಳಿದ್ದರಲ್ಲ, ಸರಿ, ಏಳುವುದಿಲ್ಲ ಎಂದು ಕಣ್ಣು ಮುಚ್ಚಿದೆ.

ಮತ್ತೆ ಕಣ್ಣು ತೆರೆದಾಗ ಕಂಡದ್ದು ನೇರಳೆ ಬಣ್ಣದ ಎರಡು ರಬ್ಬರ್ ಚಪ್ಪಲಿ. ಕೋಣೆಯ ಒಳಗೆ, ನನ್ನ ಮಂಚದ ಪಕ್ಕದಲ್ಲಿ. ಚಿಕ್ಕಮ್ಮ ಯಾರ ಮನೆಯೊಳಗೂ ಚಪ್ಪಲಿ ಹಾಕಿಕೊಂಡು ಹೋದವಳಲ್ಲ. ನೆಲದ ಮೇಲೆಲ್ಲ ಲಾಟರಿ ಟಿಕೆಟ್ಟುಗಳು ಚೆಲ್ಲಿದ್ದವು, ಬಣ್ಣಬಣ್ಣದ ಕಾಗದ. ಇವು ಇಲ್ಲಿ ಇರಬಾರದಲ್ಲ, ಯಾರಾದರೂ ನೋಡಿದರೆ ಏನು ಗತಿ ಎಂದು ಯೋಚಿಸಿದ್ದು ನೆನಪಿದೆ. ಅವಳು ಅಗ್ಗಿಷ್ಟಿಕೆಯನ್ನು ಬರಿಗೈಯಲ್ಲಿ ಎತ್ತಿಕೊಂಡು ಓಡಿದಳು. ಚಾಪೆಗಳನ್ನು ಕಿತ್ತೆಸೆದಳು. ಕಿಟಕಿಗೆ ಒದ್ದಳು. ಮಗುವನ್ನು ಒಂದು ಕಂಕುಳಲ್ಲಿ ಅವುಚಿ, ಇನ್ನೊಂದು ಕೈಯಿಂದ ನನ್ನ ತೋಳು ಹಿಡಿದು ಅಕ್ಕಿ ಮೂಟೆ ಎಳೆಯುವಂತೆ ಎಳೆದಳು.

ಅಂಗಳದಲ್ಲಿ ಗಾಳಿ ಜೋರಾಗಿತ್ತು. ತಲೆಯ ಬಟ್ಟೆ ಹಾರಿಹೋಯಿತು. ಹದಿನಾರು ದಿನದಿಂದ ಬಾಚದ ಕೂದಲು ಮುಖದ ತುಂಬ ಹಾರಾಡಿತು. ನಾನು ಮಣ್ಣಿನ ಮೇಲೆ ಕೂತು ವಾಂತಿ ಮಾಡಿದೆ. ಚಿಕ್ಕಮ್ಮ ಮಗುವಿನ ಅಂಗಾಲಿಗೆ ಬೆರಳಿನಿಂದ ಹೊಡೆಯುತ್ತಿದ್ದಳು. "ಅಳೇ. ಅಳೇ ಇಲಿಮರಿ. ಅಳದಿದ್ರೆ ನೋಡು." ಅವಳ ಅಂಗೈಯ ಚರ್ಮ ಸುಟ್ಟು ಬಿಳಿಯಾಗಿತ್ತು. ಅದು ಅವಳಿಗೆ ಗೊತ್ತೇ ಆಗಿರಲಿಲ್ಲ.

ಆಮೇಲೆ ಮಗು ಅತ್ತಿತು. ಮೊದಲು ಕೆಮ್ಮಿನಂತೆ, ಆಮೇಲೆ ಜೋರಾಗಿ. ನನ್ನ ಕಿವಿಯಲ್ಲಿ ಹತ್ತಿ ಇದ್ದರೂ ಕೇಳಿಸಿತು.

ಅಷ್ಟು ಹೊತ್ತಿಗೆ ಕಾಲುಸಂಕದ ಮೇಲೆ ಅತ್ತೆ ಕಂಡರು. ಕೈಯಲ್ಲಿ ಪರಂಗಿಕಾಯಿ. ಬಾಣಂತಿ ಸೊಸೆ ಬಯಲಲ್ಲಿ, ಬರಿತಲೆಯಲ್ಲಿ, ಗಾಳಿಗೆ ಎದುರಾಗಿ ಕೂತಿದ್ದಾಳೆ.

"ನಿನಗೆ ಬುದ್ಧಿ ಇದ್ಯಾ, ಬೀಗಿತಿ?" ಎಂದು ಅಲ್ಲಿಂದಲೇ ಕಿರುಚಿದರು. "ಕೊಂದುಬಿಡ್ತೀಯಾ ಅವಳನ್ನ? ಗಾಳಿ ಹೊಕ್ರೆ ಮುಗೀತು. ಒಳಗೆ ಕರ್ಕೊಂಡ್ಹೋಗು."

ಚಿಕ್ಕಮ್ಮ ಎದ್ದು ನಿಂತು ಅಂಗಳದಲ್ಲಿ ಇನ್ನೂ ಕೆಂಪಾಗಿದ್ದ ಅಗ್ಗಿಷ್ಟಿಕೆಯತ್ತ ಕೈ ತೋರಿಸಿದಳು. ಆಮೇಲೆ ನನ್ನ ಚಾಪೆಗಳತ್ತ.

ಅತ್ತೆ ನೋಡಿದರು. ಪರಂಗಿಕಾಯಿ ಕೈಯಿಂದ ಬಿದ್ದು ಉರುಳಿ ಕಾಲುವೆಗೆ ಹೋಯಿತು. ಅವರು ಅಲ್ಲೇ ಕುಕ್ಕರಿಸಿದರು, ಊದಿದ ಮೊಣಕಾಲಿನ ಮೇಲೆಯೇ.

ನಮ್ಮನ್ನು ದೋಣಿಯಲ್ಲಿ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದರು. ಮೂಗಿಗೆ ನಳಿಕೆ ಇಟ್ಟು ಗಾಳಿ ಕೊಟ್ಟರು. ಕೆಂಡದ ವಿಷಗಾಳಿ ತಲೆಗೇರಿದೆ, ಇನ್ನರ್ಧ ಗಂಟೆ ತಡವಾಗಿದ್ದರೆ ಕಷ್ಟವಿತ್ತು ಎಂದು ಅಲ್ಲಿನ ನರ್ಸ್ ಹೇಳಿದಳು. ಬೈಯಲೆಂದು ಅತ್ತೆಯ ಕಡೆ ತಿರುಗಿದವಳು ಅವರ ಮುಖ ನೋಡಿ ಹಾಗೇ ಒಳಗೆ ಹೋದಳು. ಒಂದು ಬಟ್ಟಲು ಗಂಜಿ ತಂದು ಅತ್ತೆಯ ಕೈಗೇ ಕೊಟ್ಟಳು.

ಮರುದಿನ ಮನೆಗೆ ಬಂದೆವು. ಅತ್ತೆ ಮೊದಲು ಮಾಡಿದ ಕೆಲಸ ಅಗ್ಗಿಷ್ಟಿಕೆಯನ್ನು ಕಾಲುವೆಗೆ ಎಸೆದದ್ದು. ಅವರ ತಾಯಿ ಕೊಟ್ಟಿದ್ದ ಅಗ್ಗಿಷ್ಟಿಕೆ. ಆಮೇಲೆ ಅಡುಗೆಮನೆಯಲ್ಲಿ ಕಲ್ಲುಪ್ಪನ್ನು ಮಾಚಿಪತ್ರೆಯ ಜೊತೆ ಹುರಿದು, ಬಟ್ಟೆಯಲ್ಲಿ ಗಂಟು ಕಟ್ಟಿ, ತಮ್ಮ ಕೆನ್ನೆಗೆ ಒತ್ತಿ ಬಿಸಿ ನೋಡಿ, ನನ್ನ ಹೊಟ್ಟೆಯ ಮೇಲೆ ಇಟ್ಟರು. ಕಿಟಕಿ ಅರ್ಧ ತೆರೆದೇ ಇತ್ತು. ಅದರತ್ತ ಅವರು ಆಗಾಗ ಹೆದರಿಕೆಯಿಂದ ನೋಡುತ್ತಿದ್ದರು, ಮುಚ್ಚಲಿಲ್ಲ. ಕ್ಷಮಿಸು ಎಂದು ಅವರು ಹೇಳಲಿಲ್ಲ. ಹೇಳಿದ್ದರೆ ನನಗೆ ಎಲ್ಲಿ ನೋಡಬೇಕೆಂದು ತಿಳಿಯುತ್ತಿರಲಿಲ್ಲ.

ಸಂಜೆ ಚಿಕ್ಕಮ್ಮ ಕೈಗೆ ಬಟ್ಟೆ ಸುತ್ತಿಕೊಂಡು ಬಂದಳು. ಹರವಿಯ ಹತ್ತಿರ ನಿಲ್ಲದೆ ನೇರ ಒಳಗೆ ಬಂದು ಮಂಚದ ಮೇಲೆ ಕೂತಳು.

"ತಗುಲೋದು ತಗುಲಾಯ್ತು. ಇನ್ನೇನು ಅಂಗಳದಲ್ಲಿ ನಿಲ್ಲೋದು? ಕೊಡು ಆ ಕೊಳಕೀನ ಇಲ್ಲಿ."

ಅವಳು ಮಗುವನ್ನು ಎತ್ತಿಕೊಂಡದ್ದು, ಮೂಸಿದ್ದು, ಅದರ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ನೋಡಿದ್ದು, ಎಲ್ಲವನ್ನೂ ನಾನು ನೋಡುತ್ತಿದ್ದೆ.

"ನಿನ್ನೆ ಮಧ್ಯಾಹ್ನವೇ ಯಾಕೆ ಬಂದೆ?" ಎಂದು ಕೇಳಿದೆ.

"ಗಾಳಿಗೆ ಜನ ಇರ್ಲಿಲ್ಲ ಬೀದೀಲಿ. ನಿನ್ನ ನೋಡ್ಕೊಂಡು ಹೋಗೋಣ ಅಂತ ಬಂದೆ. ಕೂಗಿದೆ. ಬೀಸಣಿಗೆ ಬರ್ಲಿಲ್ಲ. ಕಿಟಕಿ ಮುಚ್ಚಿತ್ತು, ಮಲಗಿರ್ಬೇಕು ಅಂದ್ಕೊಂಡೆ." ಅವಳು ಮಗುವಿನ ಬೆರಳುಗಳನ್ನು ಮತ್ತೆ ಮಡಚಿದಳು. "ನಿಜ ಹೇಳ್ಲಾ? ವಾಪಸ್ ಹೊರಟಿದ್ದೆ. ಸಂಕದ ಮಧ್ಯಕ್ಕೂ ಹೋಗಿದ್ದೆ. ಕೈಯಲ್ಲಿ ಇನ್ನೂ ಹದಿನಾಲ್ಕು ಟಿಕೆಟ್ ಇತ್ತು, ಹೊಸಿಲು ದಾಟಿದ್ರೆ ಅವು ಹೋದ್ವು ಅಂತ ಲೆಕ್ಕ ಹಾಕ್ದೆ. ಆಮೇಲೆ ಇಷ್ಟು ಹೊತ್ತಲ್ಲಿ ಆ ಇಲಿ ಒಂದು ಸಲಾನೂ ಅಳ್ಲಿಲ್ವಲ್ಲಾ ಅನ್ನಿಸ್ತು."

ಅತ್ತೆ ಬಾಗಿಲಲ್ಲಿ ನಿಂತು ಕೇಳಿಸಿಕೊಂಡರು. ಚಿಕ್ಕಮ್ಮ ಹೊರಡುವಾಗ ದಾರಿಯಲ್ಲಿ ಒಣ ಚಕ್ಕೋತದ ಸಿಪ್ಪೆಗೆ ಬೆಂಕಿ ಹಚ್ಚಿ ಕಾದಿದ್ದರು. "ದಾಟು, ಬೀಗಿತಿ. ಏಳು ಸಲ ದಾಟು. ತಗುಲಿದ್ದು ಉರಿದುಹೋಗ್ಲಿ." ಚಿಕ್ಕಮ್ಮ ಪ್ಯಾಂಟು ಎತ್ತಿ ಹಿಡಿದು, "ನನ್ನ ಕಾಲು ಸುಟ್ಟೀಯ ಮಾರಾಯ್ತಿ, ಕೈ ಒಂದು ಆಗಿದೆ" ಎಂದು ಗೊಣಗುತ್ತಾ ಏಳು ಸಲ ದಾಟಿದಳು. ಮರುದಿನವೂ ಅತ್ತೆ ಬೆಂಕಿ ಹಚ್ಚಿದರು. ಅದರ ಮರುದಿನವೂ.

ಆದರೆ ಊರು ನೋಡಿತ್ತು. ನಾವು ಅಂಗಳದಲ್ಲಿ ಬಿದ್ದಿದ್ದಾಗ ಆಚೆ ದಂಡೆಯಲ್ಲಿ ನಾಲ್ಕೈದು ಜನ ಸೇರಿದ್ದರು. ಚಿನ್ ಅಕ್ಕ ಟಿಕೆಟ್ ಸಮೇತ ಬಾಣಂತಿ ಕೋಣೆಗೆ ಹೋದಳಂತೆ ಎಂಬುದು ಸಂಜೆಯೊಳಗೆ ಸಂತೆ ತಲುಪಿತ್ತು.

ಚಿಕ್ಕಮ್ಮ ಅದರ ಬಗ್ಗೆ ಒಂದು ಮಾತೂ ಆಡಲಿಲ್ಲ. ಆದರೆ ಚಿಕ್ಕಂದಿನಿಂದ ಅವಳ ಕೈ ನೋಡಿದವಳು ನಾನು. ಮಧ್ಯಾಹ್ನ ಮೂರಕ್ಕೆ ಆ ಕೈಯಲ್ಲಿ ಎಷ್ಟು ದಪ್ಪ ಟಿಕೆಟ್ ಇರಬೇಕು ಎಂದು ನನಗೆ ಗೊತ್ತು. ಈಗ ಕಿಟಕಿಯಿಂದ ನೋಡಿದರೆ, ಆಚೆ ದಂಡೆಯಲ್ಲಿ ನಡೆದುಹೋಗುವಾಗ, ಬೆಳಗ್ಗೆ ಹೊರಟಷ್ಟೇ ದಪ್ಪ ಇರುತ್ತಿತ್ತು, ಪುಸ್ತಕದ ಹಾಗೆ. ಕಟ್ಟೆಯ ಮೇಲೆ ಕೂತವರು ಅವಳು ಹತ್ತಿರ ಬಂದಾಗ ಕಾಲುವೆಯ ಕಡೆ ತಿರುಗಿ ಕೂರುತ್ತಿದ್ದರು. ಸೇತುವೆಯ ಹತ್ತಿರ ಹೊಸದಾಗಿ ಟಿಕೆಟ್ ಮಾರುವವನೊಬ್ಬ ಬಂದಿದ್ದ. ಜನ ಅವನಿಗೆ ಒಗ್ಗಿಕೊಂಡಿದ್ದರು.

ಬಾಣಂತನದ ಕೊನೆಯ ವಾರ ಅಡುಗೆಮನೆಯಲ್ಲಿ ಅವರಿಬ್ಬರೂ ಮಾತಾಡುತ್ತಿದ್ದರು. ನನ್ನ ಕಿವಿಯಲ್ಲಿ ಹತ್ತಿ ಇದೆ ಎಂಬ ಧೈರ್ಯ. ಒಂದು ಕಡೆಯದನ್ನು ನಾನು ತೆಗೆದಿದ್ದೆ.

"ಹೊಸವರ್ಷದ ಟೆಟ್ ಹಬ್ಬಕ್ಕೆ ಮೊದಲೇ ಸೈಗಾನಿಗೆ ಹೋಗ್ತೀನಿ," ಎನ್ನುತ್ತಿದ್ದಳು ಚಿಕ್ಕಮ್ಮ. "ನಮ್ಮ ಕಡೆಯೋರು ತುಂಬ ಜನ ಮಾರ್ತಾರೆ ಅಲ್ಲಿ. ಒಂದು ಕೋಣೇಲಿ ಎಂಟು ಜನ ಮಲಗ್ತಾರಂತೆ. ಯಾರು ಯಾರ ಕೋಣೆಗೆ ಹೋಗಿದ್ರು ಅಂತ ಅಲ್ಲಿ ಯಾರಿಗೆ ಗೊತ್ತು?"

"ತಿಂಗಳು ತುಂಬಿದ್ರೆ ಪುರುಡು ಹೋಗುತ್ತೆ. ಆಮೇಲೆ ಮುಟ್ತಾರೆ."

"ಹೋಗೋದು ಪುರುಡು. ಅಭ್ಯಾಸ ಹೋಗಲ್ಲ ಬೀಗಿತಿ. ತಿರುಗಿ ಕೂತೋರು ತಿರುಗೇ ಕೂರ್ತಾರೆ."

"ಥಾಮ್‌ಗೆ ಹೇಳ್ದೆಯಾ?"

"ಹಾಲು ಬತ್ತಿಹೋಗುತ್ತೆ. ಮೊದಲು ತಿಂಗಳು ತುಂಬ್ಲಿ."

ಐವತ್ತು ದಾಟಿದ ಹೆಂಗಸು. ಅವಳ ಮಾತಿಗೆ ನಗುವವರು ಇರುವುದು ಈ ಎರಡು ದಂಡೆಗಳಲ್ಲೇ. ನಾನು ಗೋಡೆಯ ಕಡೆ ತಿರುಗಿ ಮಗುವಿಗೆ ಹಾಲು ಕೊಟ್ಟೆ. ಹಾಲು ಬತ್ತಲಿಲ್ಲ. ಆದರೆ ಅವತ್ತಿನಿಂದ ಒಂದೇ ಯೋಚನೆ. ಕಾಫಿ ಅಂಗಡಿಯ ಕಂಬದ ಹಿಂದೆ ನಿಂತು ನಾನು ವರ್ಷಗಟ್ಟಲೆ ಏನೇನು ನೋಡಿದ್ದೆ ಎಂಬುದನ್ನೆಲ್ಲ ನೆನಪಿಸಿಕೊಳ್ಳುತ್ತಾ ಹೋದೆ.

ತಿಂಗಳು ತುಂಬಿದ ದಿನ ಬೆಳಗ್ಗೆ ಚಕ್ಕೋತದ ಎಲೆಯ ಬಿಸಿನೀರಿನಲ್ಲಿ ತಲೆ ತೊಳೆದುಕೊಂಡೆ. ಅಂಥ ಸುಖವನ್ನು ನಾನು ಇನ್ನೊಂದು ಕಂಡಿಲ್ಲ. ಮಗುವನ್ನು ತಿದ್ದಿ ತೀಡಿದ ಹನ್ನೆರಡು ಸೂಲಗಿತ್ತಿ ದೇವಿಯರಿಗೆ ಹನ್ನೆರಡು ಬಟ್ಟಲು ಶುಂಠಿ ಪಾಕದಲ್ಲಿ ತೇಲುವ ಅಕ್ಕಿ ಕಡುಬು, ಹನ್ನೆರಡು ತಟ್ಟೆ ಅಂಟಕ್ಕಿ ಅನ್ನ ಇಟ್ಟೆವು. ಅತ್ತೆ ಊದುಬತ್ತಿ ಹಿಡಿದು ತುಟಿ ಅಲುಗಿಸುತ್ತಾ ಬಹಳ ಹೊತ್ತು ನಿಂತರು. ಒಂದು ಬಟ್ಟಲು ಹೆಚ್ಚಾಗಿ ಇತ್ತು. ತಪ್ಪು ಎಣಿಸಿದ್ದಾರೆ ಎಂದುಕೊಂಡೆ. ಪೂಜೆ ಮುಗಿದ ಮೇಲೆ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು ಚಿಕ್ಕಮ್ಮನ ಮುಂದೆ ಇಟ್ಟರು.

"ಏನಿದು? ನಾನೇನು ದೇವ್ರಾ?" ಎಂದಳು ಚಿಕ್ಕಮ್ಮ.

"ತಿನ್ನು. ಆರೋಗುತ್ತೆ."

ಚಿಕ್ಕಮ್ಮ ತಲೆ ಎತ್ತದೆ ತಿಂದಳು.

ಆ ದಿನ ಬಾಣಂತಿ ಸಂತೆಗೆ ಹೋಗಬೇಕು. ಅಂಗಿಯ ತುದಿಯಲ್ಲಿ ಒಂದು ಹಿಡಿ ಉಪ್ಪು, ಒಂದು ಹಿಡಿ ಅಕ್ಕಿ ಕಟ್ಟಿಕೊಂಡು, ಜನರ ನಡುವೆ ಚೆಲ್ಲುತ್ತಾ ನಡೆದರೆ ತಿಂಗಳ ಪುರುಡು ಅಲ್ಲೇ ಕರಗುತ್ತದೆ. ಮಗುವನ್ನು ಅತ್ತೆಗೆ ಕೊಟ್ಟೆ. ಚಿಕ್ಕಮ್ಮ ಜೊತೆಗೆ ಬಂದಳು, ಕೈಯಲ್ಲಿ ಟಿಕೆಟ್ಟಿನ ಕಟ್ಟು.

ಕಾಲುಸಂಕ ದಾಟಿದ ಮೇಲೆ ನಾನು ನಿಂತೆ. "ಅದರಲ್ಲಿ ಅರ್ಧ ನನಗೆ ಕೊಡು," ಎಂದೆ.

"ಯಾಕೆ? ಕಾವಲು ಕಾಯ್ತೀಯಾ?"

"ಕೊಡು."

ಅವಳು ನನ್ನ ಮುಖ ನೋಡಿ ಕೊಟ್ಟಳು. ನಾನು ಎರಡೂ ಕಟ್ಟನ್ನು ತೆಗೆದುಕೊಂಡು ಒಂದೊಂದೇ ಟಿಕೆಟ್ಟಿನ ನಂಬರು ನೋಡಿ ವಿಂಗಡಿಸಿ, ಅವಳ ಪಾಲನ್ನು ಅವಳಿಗೆ ವಾಪಸು ಕೊಟ್ಟೆ. ಏನು ಮಾಡುತ್ತಿದ್ದೇನೆ ಎಂದು ಅವಳು ಕೇಳಲಿಲ್ಲ.

ನಾಮ್ ಮಾವನ ಕಾಫಿ ಅಂಗಡಿಯಲ್ಲಿ ಏಳೆಂಟು ಜನ ಗಂಡಸರು ಚದುರಂಗದ ಹಲಗೆಯ ಸುತ್ತ ಕೂತಿದ್ದರು. ಚಿಕ್ಕಮ್ಮ ರಸ್ತೆಯಲ್ಲೇ ನಿಂತಳು. ನಾನು ಕಂಬದವರೆಗೆ ಹೋದೆ. ಕಂಬವನ್ನು ದಾಟಿ ಒಳಗೆ ಹೋದೆ. "ಟಿಕೆಟ್," ಎಂದೆ. ಯಾರಿಗೂ ಕೇಳಿಸಲಿಲ್ಲ. ಇನ್ನೊಂದು ಸಲ ಹೇಳಿದೆ.

ನಾಮ್ ಮಾವ ತಲೆ ಎತ್ತಿದ. "ಓಹೋ, ಥಾಮ್! ತಿಂಗಳು ತುಂಬ್ತಾ? ನಿನಗೆ ಧ್ವನಿ ಇದೆ ಅಂತ ಇವತ್ತೇ ಗೊತ್ತಾಗಿದ್ದು. ಹೇಗಿದೆ ನಿನ್ನ ಮಗು?"

"ಕೊಳಕಾಗಿದೆ, ಮಾವ."

"ಭೇಷ್. ಹಾಗೇ ಇರ್ಲಿ."

ಎಲ್ಲರೂ ನಕ್ಕರು. ಆದರೆ ಟಿಕೆಟ್ಟಿನ ಕಡೆ ಯಾರ ಕೈಯೂ ಬರಲಿಲ್ಲ. ನಾನು ಕಾದೆ. ಈ ಗಂಡಸರನ್ನು ನಾನು ಬಲ್ಲೆ. ಸೇತುವೆಯ ಮೇಲೆ ಲಾರಿ ಉರುಳಿದರೆ ಇವರು ಮೊದಲು ನೋಡುವುದು ಅದರ ನಂಬರು, ಕೊನೆಯಲ್ಲಿ ಅದೇ ಎರಡಂಕಿ ಇರುವ ಟಿಕೆಟ್ ಹುಡುಕಿ ಕೊಳ್ಳಲು. ಎಮ್ಮೆ ಸತ್ತರೆ ಅದರ ವಯಸ್ಸು ಕೇಳುತ್ತಾರೆ. ಸಾವಿನಿಂದ ಬದುಕಿ ಬಂದವರು ಸಿಕ್ಕರಂತೂ ಬಿಡುವುದೇ ಇಲ್ಲ.

ಬನಿಯನ್ನಿನವನೊಬ್ಬ ಹಲಗೆಯ ಮೇಲೆ ಕಾಯಿ ನಡೆಸುತ್ತಾ, ಏನೋ ಮಾತಿಗೆ ಎಂಬಂತೆ ಕೇಳಿದ. "ಅಲ್ಲಾ, ಆ ಹೊಗೇಲಿ ಉಳ್ಕೊಂಡಿತಲ್ಲ ಮಗು, ಗಟ್ಟಿ ಪಿಂಡ. ಹುಟ್ಟಿದಾಗ ತೂಕ ಎಷ್ಟಿತ್ತು?"

"ಎರಡು ಕಿಲೋ ಏಳ್ನೂರು," ಎಂದೆ.

ಹಲಗೆಯ ಸುತ್ತ ಕೂತವರು ಕಾಯಿ ನಡೆಸುವುದು ಬಿಟ್ಟರು. ಒಬ್ಬರ ಮುಖ ಒಬ್ಬರು ನೋಡಿಕೊಂಡರು.

"ಇಪ್ಪತ್ತೇಳು," ಎಂದ ನಾಮ್ ಮಾವ ಮೆಲ್ಲಗೆ. ಕೆಮ್ಮಿದ. "ನಿನ್ನ ಹತ್ರ ಇದ್ಯಾ, ಕೊನೇಲಿ ಇಪ್ಪತ್ತೇಳು ಇರೋದು?"

ನಾನು ನನ್ನ ಕೈಯ ಟಿಕೆಟ್ಟುಗಳನ್ನು ಬೀಸಣಿಗೆಯಂತೆ ಬಿಡಿಸಿ ತೋರಿಸಿದೆ. "ನನ್ನ ಹತ್ರ ಒಂದೂ ಇಲ್ಲ, ಮಾವ. ಎಲ್ಲಾ ಚಿಕ್ಕಮ್ಮನ ಕೈಯಲ್ಲಿದೆ."

ಎಲ್ಲರೂ ರಸ್ತೆಯ ಕಡೆ ನೋಡಿದರು. ಚಿಕ್ಕಮ್ಮ ಬಿಸಿಲಲ್ಲಿ ನಿಂತಿದ್ದಳು. ಅಂಗೈಯ ಗಾಯದ ಮೇಲೆ ಎಳೆಗೆಂಪು ಚರ್ಮ ಬಂದಿತ್ತು. ಅದರ ಮೇಲೆ ಟಿಕೆಟ್ಟಿನ ಕಟ್ಟು.

ನಾಮ್ ಮಾವ ಎದ್ದ. ಕೂತ. ಮತ್ತೆ ಎದ್ದು, ಕೈಯನ್ನು ಪ್ಯಾಂಟಿಗೆ ಒರೆಸಿಕೊಂಡು, "ತಿಂಗಳಂತೂ ತುಂಬ್ತು" ಎಂದು ತನಗೇ ಹೇಳಿಕೊಂಡು ಹೊರಗೆ ಹೋದ. ಚಿಕ್ಕಮ್ಮನ ಮುಂದೆ ನಿಂತು ಎರಡು ಟಿಕೆಟ್ ಎಳೆದ.

"ಎರಡೇನಾ? ಪೂರ್ತಿ ಜಿಪುಣ," ಎಂದಳು ಚಿಕ್ಕಮ್ಮ. ಧ್ವನಿ ಸ್ವಲ್ಪ ಅಲುಗಿತು, ಬೇರೆ ಯಾರಿಗೂ ತಿಳಿದಿರಲಾರದು. "ದೇವರೇ ತೂಕ ಹಾಕಿ ಕೊಟ್ಟ ನಂಬರಿದು."

"ಸರಿ, ಇನ್ನೊಂದು ಕೊಡು."

ಹಿಂದೆ ಬನಿಯನ್ನಿನವನು ಬಂದ. ಅವನ ಹಿಂದೆ ಉಳಿದವರು. ಇಪ್ಪತ್ತೇಳು ಮುಗಿದ ಮೇಲೆ ಎಪ್ಪತ್ತೆರಡು ಇದ್ಯಾ ಎಂದು ಕೇಳಿದರು. ಅದು ಮುಗಿದ ಮೇಲೆ ಹುಟ್ಟಿದ ಗಂಟೆ ಕೇಳಿದರು, ನನ್ನ ವಯಸ್ಸು ಕೇಳಿದರು. ನಾನು ಎಲ್ಲದಕ್ಕೂ ಉತ್ತರ ಕೊಟ್ಟೆ. ಅಷ್ಟು ಮಾತನ್ನು ನಾನು ಒಂದೇ ದಿನ ಅದಕ್ಕೆ ಮೊದಲೂ ಆಡಿಲ್ಲ, ಆಮೇಲೂ ಆಡಿಲ್ಲ.

ಆ ಸಂಜೆ ಬಂದ ನಂಬರಿನ ಕೊನೆಯಲ್ಲಿ ಅರವತ್ತನಾಲ್ಕು ಇತ್ತು. ಯಾರಿಗೂ ಏನೂ ಬರಲಿಲ್ಲ. ಮರುದಿನ ನಾಮ್ ಮಾವ, "ನಿನ್ನ ಮೊಮ್ಮಗಳು ಮೋಸ ಮಾಡಿದ್ಲು ಚಿನ್" ಎಂದು ಗೊಣಗುತ್ತಾ ಅವಳ ಕೈಯಿಂದಲೇ ಇನ್ನೊಂದು ಎಳೆದನಂತೆ. ಸೈಗಾನಿನ ಮಾತು ಅಡುಗೆಮನೆಯಲ್ಲಿ ಮತ್ತೆ ಬರಲಿಲ್ಲ.

ಅವತ್ತು ಸಂತೆಯಿಂದ ಮರಳುವಾಗ ಇಬ್ಬರ ಕೈಯೂ ಖಾಲಿಯಾಗಿತ್ತು. ಕಾಲುಸಂಕದ ನಡುವೆ, ಗಾಳಿ ತಿರುಗಿದ ದಿನ ಅವಳು ಹೊರಟುಹೋಗುವವಳು ತಿರುಗಿ ನಿಂತ ಜಾಗದಲ್ಲಿ, ನನ್ನ ಅಂಗಿಯ ತುದಿಯಲ್ಲಿ ಇನ್ನೂ ಉಪ್ಪೂ ಅಕ್ಕಿಯೂ ಹಾಗೇ ಇರುವುದು ನೆನಪಾಯಿತು. ಸಂತೆಯಲ್ಲಿ ಚೆಲ್ಲುವುದನ್ನೇ ಮರೆತಿದ್ದೆ.

"ಅಯ್ಯೋ, ಪುರುಡನ್ನ ವಾಪಸ್ ಮನೆಗೆ ತಂದ್ಯಲ್ಲೇ," ಎಂದಳು ಚಿಕ್ಕಮ್ಮ.

ಗಂಟು ಬಿಚ್ಚಿ ನೀರಿಗೆ ಚೆಲ್ಲಿದೆ. ಸಣ್ಣ ಮೀನುಗಳು ಮೇಲೆ ಬಂದು ಅಕ್ಕಿ ತಿಂದವು. ನಮ್ಮಲ್ಲಿ ಮನೆಯವರಿಗೆ ಉಪಕಾರವಾಯಿತು ಎಂದು ಹೇಳುವ ರೂಢಿ ಇಲ್ಲ, ಹೇಳಿದರೆ ಹೊರಗಿನವರನ್ನಾಗಿ ಮಾಡಿದಂತೆ. ನಾನೂ ಹೇಳಲಿಲ್ಲ. ಸಂಕ ಅಲುಗುತ್ತಿತ್ತು, ಅವಳ ಸುಟ್ಟ ಕೈಯನ್ನು ಹಿಡಿದುಕೊಂಡು ದಾಟಿದೆ. ಆಚೆ ಅತ್ತೆ ಮಗುವನ್ನು ಎತ್ತಿಕೊಂಡು ಅಂಗಳದಲ್ಲಿ ನಿಂತಿದ್ದರು. ಮಗು ಜೋರಾಗಿ ಅಳುತ್ತಿತ್ತು. ನಾವು ಮೂವರೂ ಒಂದು ಕ್ಷಣ ಅದನ್ನು ಸಮಾಧಾನ ಮಾಡದೆ ಕೇಳಿಸಿಕೊಂಡೆವು.